ಇನ್ನರ್ಧ ಕಿಲೋ

ಮುಹರ್ರಕ್‌ನ ಬಸ್ ನಿಲ್ದಾಣದ ಹಿಂದೆ
ಮೊಯ್ದೀನ್‌ಕುಟ್ಟಿಯ ಚಹಾ ಗೂಡು.
ಹನ್ನೊಂದು ವರ್ಷ ನನ್ನ ಲೋಟಕ್ಕೆ
ಕೇಳದೆಯೇ ಮೂರು ಚಮಚ ಹಾಕಿದವನು.
ಒಬ್ಬನೇ ಇರುವವನಿಗೆ ಒಂದು ಜಾಸ್ತಿ, ಅದು ಅವನ ಲೆಕ್ಕ.

ಕ್ಲಿನಿಕ್ಕಿನ ಚೀಟಿ ಕಟ್ಟೆಯ ಮೇಲಿಟ್ಟೆ.
ಕನ್ನಡಕ ಏರಿಸಿ ಓದಿದ,
ಫೇಲಾದ ಮಗನ ಮಾರ್ಕ್ಸ್ ಕಾರ್ಡು ಓದುವ ಹಾಗೆ.
ಏನೂ ಅನ್ನಲಿಲ್ಲ. ಶುಂಠಿ ಜಜ್ಜಿದ.
ಎರಡು ಏಲಕ್ಕಿ ಹೆಚ್ಚಿಗೆ. ದುಡ್ಡು ಅಷ್ಟೇ.

ಏಸಿ ರಿಪೇರಿ ನನ್ನ ಕೆಲಸ.
ತಾರಸಿಯ ಮೇಲೆ ನಲವತ್ತಾರು ಡಿಗ್ರಿ;
ಕೆಳಗಿನವರು ತಣ್ಣಗಾಗಲೆಂದು ಮೇಲೆ ನಾನು ಬೇಯಬೇಕು.
ಆ ಹೊತ್ತಿಗೆ ಕಿತ್ತಳೆ ಬಣ್ಣದ ತಂಪು ಡಬ್ಬಿ
ಟಿಸ್ ಎಂದು ಬಾಯಿ ತೆರೆದರೆ
ಯಾರೋ ಹೆಸರು ಹಿಡಿದು ಕರೆದಂತೆ.
ಈಗ ಲಬನ್, ಚಿಟಿಕೆ ಉಪ್ಪು.
ಮಜ್ಜಿಗೆ ಅಂದುಕೊಂಡರೆ ಮಜ್ಜಿಗೆ.
ಅಂದುಕೊಳ್ಳುವುದಕ್ಕೇ ಒಂದು ತಿಂಗಳು ಹಿಡಿಯಿತು.

ಖರ್ಜೂರ ಮಾತ್ರ ಬಿಡಲಾಗಲಿಲ್ಲ.
ಹೋದ ಮನೆಯಲ್ಲೆಲ್ಲ ತಟ್ಟೆ ಮುಂದಿಡುತ್ತಾರೆ,
ಬೇಡ ಅನ್ನುವುದು ಹೇಗೆ?
ಬೀಜ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತೇನೆ.
ರಾತ್ರಿ ಒಗೆಯುವ ಮುಂಚೆ ಎಣಿಕೆ:
ನಿನ್ನೆ ಐದು, ಇವತ್ತು ಎರಡು.
ಶುಕ್ರವಾರದ್ದು ಹೇಳುವುದಿಲ್ಲ.

ಊಟದ ಹೊತ್ತಿಗೆ ಜಲಜಾಕ್ಷಿಯ ವೀಡಿಯೋ ಕಾಲ್.
"ಮುಖ ಆಮೇಲೆ, ಮೊದಲು ತಟ್ಟೆ ತೋರಿಸಿ."
ಬಂಗುಡೆ, ಹೆಸರುಕಾಳು, ಮುಳ್ಳುಸೌತೆ,
ಖುಬ್ಬೂಸ್ ಅರ್ಧ.
ಉಳಿದರ್ಧ ಫೋನಿನ ಹಿಂದೆ.

ಬರುವ ತಿಂಗಳು ರಜೆ.
ಪೆಟ್ಟಿಗೆಗೆ ಮೂವತ್ತೇ ಕಿಲೋ.
ಪ್ರತಿ ಸಲ ಅದರ ತುಂಬ ಟಾಫಿ, ಚಾಕಲೇಟು,
ಶರಬತ್ತಿನ ಪುಡಿ, ಕೇಸರಿ ಹಾಕಿದ ಹಲ್ವ.
ಮಕ್ಕಳಿಗೆ ಅಪ್ಪನೆಂದರೆ
ಸರಸರ ಸದ್ದು ಮಾಡುವ ಬಣ್ಣದ ಕಾಗದ.
ಕಿರಿಯವಳ ಎರಡು ದವಡೆ ಹಲ್ಲು ಹುಳುಕು.
ಅದೂ ನಾನು ಕೊಟ್ಟದ್ದೇ.

ಈ ಸಲ ನಾಲ್ಕು ಕಿಲೋ ತೆಗೆದಿಟ್ಟು ಕೇಳಿದೆ,
ಆ ಜಾಗಕ್ಕೆ ಏನು ತರಲಿ?
ಬೇರೇನೋ ಹೇಳಿಯಾಳೆಂದು ಕಾದೆ.
"ಒಂದು ಗಟ್ಟಿ ಟಾರ್ಪಾಲು," ಅಂದಳು, "ಕಟ್ಟಿಗೆ ರಾಶಿಗೆ.
ನೀಲಿ ಬೇಡ, ಬೇಗ ಹರಿಯುತ್ತದೆ."

ಮನಾಮದ ಸೂಕ್‌ನಲ್ಲಿ ಹಸಿರು ಸಿಕ್ಕಿತು.
ಕೊಕ್ಕೆ ತಕ್ಕಡಿಗೆ ಪೆಟ್ಟಿಗೆ ನೇತುಹಾಕಿ
ರೂಮಿನ ನಾಲ್ವರೂ ಬಗ್ಗಿ ಮುಳ್ಳು ನೋಡಿದೆವು:
ಇಪ್ಪತ್ತೊಂಬತ್ತೂವರೆ.

"ಇನ್ನರ್ಧ ಕಿಲೋ ಉಂಟು ಮಾರಾಯ," ಅಂದ ಗುರುವಪ್ಪ.
ನನ್ನ ಕೈ ಅಷ್ಟರಲ್ಲೇ ಮಂಚದ ಕೆಳಗೆ
ಟಾಫಿ ಪೊಟ್ಟಣ ತಡಕುತ್ತಿತ್ತು.