ಏಳನೇ ತೂತು

ದುರ್ಗಿಗುಡಿಯ ಕಾಮತರು ಅಂಗಡಿ ಮುಚ್ಚುವ ವಾರ
ಜೆರಾಕ್ಸ್ ಮೆಷೀನನ್ನು ಯಾರೋ ಒಯ್ದಾಗಿತ್ತು,
ಗಾಜಿನ ಕಪಾಟಿಗೂ ಗಿರಾಕಿ ಸಿಕ್ಕಿದ್ದ.
ಮೂಲೆಯಲ್ಲಿ ಉಳಿದದ್ದು ಇದೊಂದು,
ಕಾಗದಕ್ಕೆ ತೂತು ಹೊಡೆಯುವ ಕಬ್ಬಿಣದ ದವಡೆ.

ಎರಡು ಸಾವಿರ ಅಂದರು.
ನಮ್ಮ ಹತ್ತಿರ ಇದ್ದದ್ದು
ನನ್ನ ಸ್ಕಾಲರ್‌ಶಿಪ್ಪಿನಲ್ಲಿ ಮೆಸ್ ಬಿಲ್ಲು ಕಟ್ಟಿ ಮಿಕ್ಕ ಸಾವಿರದ ನೂರು,
ಮುಬೀನಾಳ ಈದಿ ಐನೂರ ಎಪ್ಪತ್ತು,
ಮತ್ತೆ ಅವಳ ಬಾಯಿ.
ಬಾಯಿಗೆ ಮುನ್ನೂರ ಮೂವತ್ತು ಇಳಿಯಿತು.
ಹಣ ಎಣಿಸಿ ಜೇಬಿಗಿಟ್ಟ ಮೇಲೆ ಕಾಮತರು ಹೇಳಿದರು:
‘ಏಳನೇ ಮೊಳೆ ಸ್ವಲ್ಪ ಸೊಟ್ಟ. ಮೆಲ್ಲಗೆ ಒತ್ತಿ.’

ಬಸ್ಸಿಗೆ ಚಿಲ್ಲರೆಯೂ ಇಲ್ಲದೆ
ದುಪ್ಪಟ್ಟಾದಲ್ಲಿ ಜೋಲಿ ಕಟ್ಟಿ ಇಬ್ಬರೂ ಹೊತ್ತೆವು.
ಗೋಪಿ ಸರ್ಕಲ್ಲಿನಲ್ಲಿ ಆಟೋದವ ಬಗ್ಗಿ ಕೇಳಿದ,
‘ಪಾಪು ಮಲಗಿದೆಯಾ ಅಕ್ಕ?’
‘ಹ್ಞೂಂ, ಹಲ್ಲು ಬಂದಿದೆ’ ಅಂದಳು ಮುಬೀನಾ.

ಗಾಂಧಿ ಬಜಾರಿನ ಸ್ಟೇಷನರಿ ಸೇಟು
ನೂರು ಸುರುಳಿ, ಎರಡು ಕಟ್ಟು ಪ್ಲಾಸ್ಟಿಕ್ ಹಾಳೆ ಸಾಲ ಕೊಟ್ಟ,
ನನ್ನ ಐಡಿ ಕಾರ್ಡು ಒತ್ತೆ ಇಟ್ಟುಕೊಂಡ.
ಒಂದೂವರೆ ತಿಂಗಳು ಲೈಬ್ರರಿಯ ಹೊರಗೆ ನಿಂತೆ.
ನನ್ನ ಫೋಟೋ ಅವನ ಗಲ್ಲಾಪೆಟ್ಟಿಗೆಯಲ್ಲಿ
ನೋಟುಗಳ ನಡುವೆ ಆರಾಮಾಗಿತ್ತು.

ಅಂಗಡಿಗಳಲ್ಲಿ ನಲವತ್ತು, ನಮ್ಮಲ್ಲಿ ಮೂವತ್ತು.
ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದೆವು: ಜಿ.ಎಂ. ಬೈಂಡಿಂಗ್.
‘ಜನರಲ್ ಮ್ಯಾನೇಜರಾ?’ ಅಂತ ನಕ್ಕರು.
ಗುತ್ಯಮ್ಮ, ಮುಬೀನಾ ಅಂತ ಹೇಳಲಿಲ್ಲ,
ಚಂದ್ರಗುತ್ತಿಯ ಹರಕೆಯ ಹೆಸರು ಹೇಳಿಕೊಳ್ಳಲು
ಆಗಿನ್ನೂ ನನಗೆ ನಾಚಿಕೆ.
ವಾರ್ಡನ್ ಪಂಕಜಾಕ್ಷಿ ಮೇಡಂ ಬಂದು
ಒಂಬತ್ತರ ಮೇಲೆ ಖಟ್ ಅನ್ನಬಾರದು ಅಂದರು,
ಮಗನ ರೆಕಾರ್ಡ್ ಬುಕ್ಕು ಮೂರು ಇಟ್ಟು ಹೋದರು.
ದುಡ್ಡಿನ ಮಾತು ಅವರೂ ಎತ್ತಲಿಲ್ಲ, ನಾವೂ.

ಬಾಟನಿಯವರೊಬ್ಬರ ಪ್ರಬಂಧ.
ನಲವತ್ತೊಂದರಿಂದ ಐವತ್ತಾರು, ಬಣ್ಣದ ಪುಟಗಳು,
ತಲೆಕೆಳಗಾಗಿ ತೂತು ಬಿದ್ದವು.
ಹದಿನಾರು ಹಾಳೆ ಹೊಸದಾಗಿ ಪ್ರಿಂಟು, ನೂರ ಅರವತ್ತು.
ಬಿ.ಕಾಂ. ಹುಡುಗಿಯರು, ನಷ್ಟವನ್ನು
ಯಾವ ಬದಿಗೆ ಬರೆಯಬೇಕೆಂದು ಗೊತ್ತಿತ್ತು.
ಅಳುವನ್ನು ಯಾವ ಬದಿಗೆ? ಮುಬೀನಾ
ಬಾತ್‌ರೂಮಿಗೆ ಹೋಗಿ ಬರೆದು ಬಂದಳು.

ಉದುರಿದ ಚುಕ್ಕಿ ಕೋಣೆ ತುಂಬಾ.
ಜಡೆಯಲ್ಲಿ, ಸಾರಿನಲ್ಲಿ, ಅವಳ ಜಾನಮಾಜಿನ ಮಡಿಕೆಯಲ್ಲಿ.
ಪರೀಕ್ಷೆಯ ಹಾಲಿನಲ್ಲಿ ನನ್ನ ಕಿವಿಯ ಹಿಂದಿನಿಂದ ಒಂದು ಬಿತ್ತು.
ಮೇಷ್ಟ್ರು ಹೆಕ್ಕಿ, ಕನ್ನಡಕ ಏರಿಸಿ, ತಿರುಗಿಸಿ ನೋಡಿದರು,
ಕಾಪಿ ಚೀಟಿಯೇನೋ ಎಂದು.
ಅದರಲ್ಲಿ ಇದ್ದದ್ದು
ಯಾರದೋ ಮುನ್ನುಡಿಯ ಅರ್ಧ ‘ಕ’.

ದಸರಾ ರಜೆಗೆ ಆನವಟ್ಟಿಗೆ ಹೋದೆ.
ಅಮ್ಮ ಬಿಸಿಯೂಟದ ಪಾತ್ರೆ ತೊಳೆದಿಟ್ಟು ಬಂದವಳು
‘ಏನು ಕೆಲಸ ಹಿಡಿದಿದ್ದೀಯಂತೆ?’
‘ಕಾಗದಕ್ಕೆ ತೂತು ಹೊಡೀತೀನಿ.’
‘ತೂತಿಗೆ ಯಾರಾದರೂ ದುಡ್ಡು ಕೊಡ್ತಾರಾ?
ಎಲ್ಲರ ಮನೆ ದೋಸೆಯೂ ತೂತೇ, ಯಾರು ಕೊಟ್ಟರು?’
ಆಮೇಲೆ ಒಳಹೋಗಿ, ಸಂಘದ ಲೆಕ್ಕದ ಹಾಳೆಗಳನ್ನು
ಸಕ್ಕರೆ ಕವರಿನಿಂದ ತೆಗೆದು ಕೊಟ್ಟಳು.
ಹತ್ತು ವರ್ಷದ ಉಳಿತಾಯ, ಹೆಬ್ಬೆರಳುಗಳ ನೀಲಿ.

ಕಟ್ಟಿಸಿ ತಂದಾಗ ಅಮ್ಮ ಪುಸ್ತಕ ತೆರೆಯಲಿಲ್ಲ.
ಅಂಚಿನ ಮೇಲೆ ಬೆರಳಿಟ್ಟು
ಅಕ್ಕಿ ಆರಿಸುವ ಹಾಗೆ ಒಂದೊಂದೇ ತೂತು ಮುಟ್ಟುತ್ತ ಬಂದಳು.
ಏಳರಲ್ಲಿ ನಿಂತಳು.
‘ಇಲ್ಲಿ ನಿನ್ನ ಕೈ ನಡುಗಿತಾ?’
‘ಇಲ್ಲಮ್ಮ, ಮೆಷೀನೇ ಹಾಗೆ. ಕೊಂಡಾಗಿಂದ.’
‘ಹಾಗಾದರೆ ಅವರದು ಯಾರದೋ ನಡುಗಿದೆ’ ಅಂದಳು,
ಪುಸ್ತಕ ಅಕ್ಕಿ ಡಬ್ಬದ ಮೇಲಿಟ್ಟಳು.

ದುಡ್ಡು ಇಸಿದುಕೊಳ್ಳಲಿಲ್ಲ, ನಾನು.
ಹಾಸ್ಟೆಲ್ಲಿಗೆ ಮರಳಿದಾಗ ಮುಬೀನಾ
ಲೆಕ್ಕದ ಪುಸ್ತಕ ಬಿಚ್ಚಿ, ಪೆನ್ನು ಕೊಡವಿ ಬರೆದಳು:
ಗುತ್ಯಮ್ಮನ ಅಮ್ಮ. ಒಂದು.
ಮೂವತ್ತು ರೂಪಾಯಿ. ಬಾಕಿ.