ಅಲುಗಾಡದವರು

ಹಗಲಿನ ಕೆಲಸ ಮುಗಿದಿತ್ತು. ಬ್ಯಾನರಿನ ಮುಂದೆ
ಹದಿನಾಲ್ಕು ಹೆಂಗಸರು, ಎರಡು ಸಾಲು,
ಗಿಡ್ಡದವರು ಮುಂದೆ, ಸೆರಗು ಸಮ ಮಾಡಿ
ಉಸಿರು ಕಟ್ಟಿ ನಿಂತದ್ದನ್ನು ತೆಗೆದಾಗಿತ್ತು.
ಸಂಘದ ಸಾಲವೆಲ್ಲ ತೀರಿದ ಸಂತೋಷಕ್ಕೆ
ಕೋಡಿಬೆಂಗ್ರೆಯ ಮರಳಲ್ಲಿ ಒಂದು ಸಂಜೆಯ ಊಟ.
ನನ್ನ ದುಡ್ಡು ಎಣಿಸಿ ಕೊಟ್ಟು,
"ಮರುವಾಯಿ ತಿಂದು ಹೋಗಿ ಮಾರಾಯ್ರೆ" ಎಂದರು.
ಕೂತೆ.

ಒಂದು ಕಡೆ ಹೊಳೆ, ಒಂದು ಕಡೆ ಕಡಲು,
ನಡುವೆ ಒಣ ಮಡಲಿನ ಬೆಂಕಿ.
ಮಡಲು ಹೊತ್ತುವುದು ಜಗಳಗಂಟಿಯ ಹಾಗೆ, ಒಮ್ಮೆಲೇ ಭಗ್ಗೆಂದು,
ಆಮೇಲೆ ಏನೂ ಆಗದ ಹಾಗೆ.
ಕರಟ ಹಾಗಲ್ಲ. ತಡವಾಗಿ ಹಿಡಿಯುತ್ತದೆ,
ಹಿಡಿದರೆ ಬಿಡುವುದಿಲ್ಲ.
ನಾನು ಕರಟಕ್ಕೆ ಕಾದೆ.

ಫ್ಲ್ಯಾಶನ್ನು ಕಳಚಿ ಚೀಲಕ್ಕೆ ಹಾಕಿದೆ,
ಫೋಕಸ್ಸಿನ ಕೆಂಪು ದೀಪಕ್ಕೆ ಕಪ್ಪು ಟೇಪು,
ಮೊಣಕೈಯನ್ನು ಮೊಣಕಾಲಿಗೆ ಊರಿ
ಕವುಚಿದ ದೋಣಿಯ ಮಗ್ಗುಲಲ್ಲಿ, ಇಲ್ಲದವನ ಹಾಗೆ.
ಸೆಕೆಂಡಿನ ಎಂಟನೇ ಒಂದು ಭಾಗ ಬಾಗಿಲು ತೆರೆದಿಟ್ಟರೆ
ಆ ಬೆಳಕಿಗೆ ಸಾಕು, ಮನುಷ್ಯರಿಗೆ ಹೆಚ್ಚಾಯಿತು:
ಅಷ್ಟರಲ್ಲಿ ಒಂದು ನಗು ಅರ್ಧ ದಾರಿ ಹೋಗಿರುತ್ತದೆ.

ಜೋಕು ಹೇಳುತ್ತಿದ್ದದ್ದು ವಾರಿಜಕ್ಕ.
ಬ್ಯಾಂಕಿನ ಮ್ಯಾನೇಜರು, ಅವನ ಹಲ್ಲುಸೆಟ್ಟು, ಬಂಗುಡೆಯ ಮುಳ್ಳು...
ಪೂರ್ತಿ ಕೇಳಿಸಲಿಲ್ಲ, ಗಾಳಿ ಆಚೆಗಿತ್ತು.
ಅಪ್ಪಿಯಕ್ಕ ಹಿಂದಕ್ಕೆ ವಾಲಿ ಮರಳಿಗೆ ಬಿದ್ದದ್ದು ಕಂಡೆ,
ಫಿಲ್ಲುಬಾಯಿ ಬಿಸಿ ಚಿಪ್ಪನ್ನು ಕೈಯಿಂದ ಕೈಗೆ ಹಾರಿಸುತ್ತ
ನಗಲೂ ಆಗದೆ ನುಂಗಲೂ ಆಗದೆ,
ಐಸಮ್ಮನ ಬಾಯಿಗೆ ಸೆರಗು.
ಒತ್ತಿದೆ. ಮತ್ತೆ ಒತ್ತಿದೆ.
ಕ್ಲಿಕ್ಕಿನ ಸದ್ದನ್ನು ಅಲೆ ಎತ್ತಿಕೊಂಡು ಹೋಯಿತು.

ಮೂರು ದಿನ ಕಳೆದು ಕಲ್ಯಾಣಪುರದ ಅಂಗಡಿಯಲ್ಲಿ
ಪರದೆ ತುಂಬ ಹಿಗ್ಗಿಸಿ ನೋಡುತ್ತೇನೆ:
ನಕ್ಕವರೆಲ್ಲ ಕಲಸಿಹೋಗಿದ್ದಾರೆ.
ಅಪ್ಪಿಯಕ್ಕ ಒಂದು ಕಿತ್ತಳೆ ಗೀರು,
ಫಿಲ್ಲುಬಾಯಿಗೆ ಆರು ಕೈ,
ಐಸಮ್ಮನ ಕಣ್ಣಿದ್ದಲ್ಲಿ ಎರಡು ಎಳೆದ ಕಿಡಿ.
ನಡುವೆ ಒಬ್ಬರೇ ಸ್ಪಷ್ಟ, ರೆಪ್ಪೆ ಎಣಿಸುವಷ್ಟು,
ಮೂಗುಬೊಟ್ಟಿನ ಕಲ್ಲು ಉದುರಿದ ಗುಂಡಿ ಕಾಣುವಷ್ಟು.
ಜೋಕು ಹೇಳಿದವರು.
ಹತ್ತೊಂಬತ್ತು ಫೋಟೋ. ಹತ್ತೊಂಬತ್ತರಲ್ಲೂ ಹಾಗೆಯೇ.
ಬ್ಯಾನರಿನ ಮುಂದೆ ಅವರೂ ನಕ್ಕಿದ್ದರು;
"ನಗಿ" ಎಂದದ್ದು ನಾನು.

ಲೆಕ್ಕಪುಸ್ತಕ ಕಂಕುಳಲ್ಲಿಟ್ಟು ಅವರೇ ಬಂದರು, ಪ್ರತಿ ಒಯ್ಯಲು.
ಅಡಗಿಸಬಹುದಿತ್ತು. ಅಡಗಿಸಲಿಲ್ಲ.
ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.
ಹೊರಗೆ ಹೂಡೆಯ ಬಸ್ಸು ಯಾರಿಗೋ ಹಾರ್ನ್ ಹಾಕುತ್ತಿತ್ತು.
"ಇವರೆಲ್ಲ ಎಷ್ಟು ಚಂದ ಬಂದಿದ್ದಾರೆ" ಎಂದರು.
ಆಮೇಲೆ ಬೆರಳನ್ನು ಗಾಜಿಗೆ ತಾಗಿಸದೆ
ತನ್ನ ಮುಖದ ಮೇಲೆ ಹಿಡಿದು,
"ಇದೊಂದನ್ನು ಸ್ವಲ್ಪ ಅಲುಗಾಡಿಸಿ ಕೊಡ್ಲಿಕ್ಕೆ ಆಗ್ತದಾ?"

ಆಗುತ್ತದೆ. ಎರಡು ನಿಮಿಷದ ಕೆಲಸ,
ಮದುವೆ ಆಲ್ಬಮ್ಮಿಗೆ ಇದಕ್ಕಿಂತ ಹೆಚ್ಚಿನದನ್ನು ಮಾಡುತ್ತೇನೆ.
ಮೌಸಿನ ಮೇಲೆ ಕೈಯಿಟ್ಟು ಕೂತಿದ್ದೇನೆ.
ಅವರು ಕುರ್ಚಿ ಎಳೆದುಕೊಂಡು ಕಾಯುತ್ತಿದ್ದಾರೆ,
ಫೋಟೋದಲ್ಲಿ ಇದ್ದ ಹಾಗೇ.