ಬಾಗಿಲ ಪಕ್ಕದ ಫ್ರಿಜ್ಜು

ಲಾರಿ ಬರುವುದು ಹದಿನೈದು ದಿನಕ್ಕೊಮ್ಮೆ,
ಮೊದಲು ಅದರ ಕೆಂಪು ಧೂಳು, ಆಮೇಲೆ ಅದು.
ಆಲಿಸ್ ಸ್ಪ್ರಿಂಗ್ಸ್‌ನಿಂದ ಆರುನೂರು ಕಿಲೋಮೀಟರು.
ಇಳಿಯುವ ಹೊತ್ತಿಗೆ ಎಲೆಕೋಸಿಗೆ ಮುಪ್ಪು;
ಕೋಲಾಕ್ಕೆ ಮಾತ್ರ ಎಂದೂ ಬತ್ತದ ಹರೆಯ.

ನಾನು ಡೆಲ್ವಿನಾ, ಗಲ್ಲಾದಲ್ಲಿ ಕೂರುವವಳು.
ಯಾರ ಮನೆಯಲ್ಲಿ ಏನು ಬೇಯುತ್ತದೆ,
ಯಾರ ಮನೆಯಲ್ಲಿ ಏನೂ ಬೇಯುವುದಿಲ್ಲ
ನನ್ನ ಬೆರಳಿಗೆ ಗೊತ್ತು.
ಕಾರ್ಡು ತೋರಿಸಿ, ಯಂತ್ರ ಇಲ್ಲವೆಂದಾಗ
ಬ್ರೆಡ್ಡನ್ನು ಮತ್ತೆ ಕಪಾಟಿಗಿಡುವ ಕೈಗಳನ್ನು
ನೋಡದ ಹಾಗೆ ನೋಡಿದ್ದೇನೆ.

ಹೋದ ಚಳಿಗಾಲ ಸಿಡ್ನಿಯಿಂದ ಒಬ್ಬಳು ಬಂದಳು,
ತಟ್ಟೆಯ ಚಿತ್ರವೊಂದನ್ನು ಗೋಡೆಗೆ ಅಂಟಿಸಿದಳು.
ಕಾಲು ಭಾಗ ಇದು, ಅರ್ಧ ಭಾಗ ಅದು.
ಒಳ್ಳೆಯವಳೇ. ಎರಡು ದಿನ ಇದ್ದಳು.
ಚಿತ್ರದೊಳಗಿನ ಬ್ರೊಕೊಲಿ
ಬಿಸಿಲಿಗೆ ನೀಲಿಗಟ್ಟುತ್ತಾ ಹೋಯಿತು.
ಅಂಗಡಿಗೆ ಒಂದೂ ಬರಲಿಲ್ಲ.

ನೋರೀನ್ ದೊಡ್ಡಮ್ಮ ಸಭೆ ಕರೆದದ್ದು
ಡಯಾಲಿಸಿಸ್‌ಗೆಂದು ಪಟ್ಟಣಕ್ಕೆ ಹೋದ ಅವಳ ತಂಗಿ
ಪೆಟ್ಟಿಗೆಯಲ್ಲಿ ಮರಳಿದ ತಿಂಗಳು.
ಹೆಸರು ಈಗ ನಾವು ಹೇಳುವುದಿಲ್ಲ.
ನನ್ನನ್ನು ಹೆತ್ತವಳು.
ನಮ್ಮಲ್ಲಿ ಅಮ್ಮನ ಅಕ್ಕನೂ ಅಮ್ಮನೇ,
ಹಾಗಾಗಿ ನಾನು ಅರ್ಧ ಮಾತ್ರ ತಬ್ಬಲಿ.

ಮರದ ನೆರಳಿಗೆ ಕುಳಿತೆವು, ನಾಯಿಗಳ ಸಮೇತ.
ಬಾಗಿಲಲ್ಲೇ ನಿಂತಿದೆಯಲ್ಲ ಆ ಫ್ರಿಜ್ಜು,
ಕಂಪನಿ ಪುಕ್ಕಟೆ ಕೊಟ್ಟದ್ದು,
ಹಿಂದಕ್ಕೆ ಹೋಗಲಿ, ಟೈರುಗಳ ಆಚೆಗೆ.
ಅದರ ಜಾಗಕ್ಕೆ ನೀರು, ಕಿತ್ತಳೆ.
ತರಕಾರಿಯ ಲಾರಿ ಬಾಡಿಗೆ ಸಿಗರೇಟಿನ ಮೇಲೆ ಬೀಳಲಿ.
ನನ್ನ ಮೇಲೇ ಯಾಕೆ, ಎಂದ ಕ್ಲಿಫ್ಟನ್ ಮಾಮ.
ನಿನ್ನ ಕೆಮ್ಮು ಒಂದು ಕೋಸನ್ನಾದರೂ ಸಾಕಲಿ ಬಿಡು,
ಎಂದು ಹೆಂಗಸರು ನಕ್ಕರು.
ಅವನೂ ನಕ್ಕು, ಕೆಮ್ಮಿದ.

ಡಲ್ಸಿ ಅಜ್ಜಿ ಕೊನೆಗೆ ಬಾಯಿ ತೆರೆದಳು:
'ಮಿಷನ್ನಿನ ಕಿಟಕಿಗೆ ಸಾಲು ನಿಲ್ಲುತ್ತಿದ್ದೆವು.
ಹಿಟ್ಟು, ಸಕ್ಕರೆ, ಚಹಾಪುಡಿ. ಹಿಟ್ಟಿನಲ್ಲಿ ಹುಳು.
ನನ್ನಮ್ಮ ಗೆಡ್ಡೆ ಅಗೆಯುತ್ತಿದ್ದ ಕೋಲನ್ನು
ಗೇಟಿನ ಹೊರಗೇ ಇಡಿಸುತ್ತಿದ್ದರು.
ಈ ನಾಲಿಗೆಗೆ ಸಿಹಿ ಕಲಿಸಿದ್ದು ನಾವಲ್ಲ.
ಬಿಡಿಸುವುದು ಮಾತ್ರ
ಯಾರೋ ಬಂದು ಮಾಡಿಕೊಡುವ ಕೆಲಸವಲ್ಲ.'
ಇಷ್ಟು ಹೇಳಿ ತನ್ನ ಚಹಾಕ್ಕೆ
ಐದು ಚಮಚ ಸಕ್ಕರೆ ಹಾಕಿಕೊಂಡಳು.
ಯಾರೂ ಏನೂ ಅನ್ನಲಿಲ್ಲ.

ಫ್ರಿಜ್ಜಿನ ಗಾಲಿ ಮುರಿದಿತ್ತು. ಆರು ಜನ ನೂಕಿದೆವು.
ಅಡಿಯಲ್ಲಿ ಮೂರು ನಾಣ್ಯ, ಒಣಗಿದ ಹಲ್ಲಿ,
ಒಂದು ಹಳೆಯ ಬ್ಯಾಂಕ್ ಕಾರ್ಡು.
ದೊಡ್ಡಮ್ಮ ಬಗ್ಗಿ ಎತ್ತಿಕೊಂಡಳು,
ಉಬ್ಬಕ್ಷರದ ಹೆಸರಿನ ಮೇಲೆ ಹೆಬ್ಬೆರಳಿಟ್ಟು ಮುಚ್ಚಿ
ಬಹಳ ಹೊತ್ತು ನಿಂತಳು.
ಮೋಟಾರು ಮಾತ್ರ ಗುಂಯ್ ಎನ್ನುತ್ತಿತ್ತು.

ಈಗ ಮಂಗಳವಾರ ಶಾಲೆಯ ಹಿತ್ತಿಲಲ್ಲಿ ಕೆಂಡ,
ಕೆಂಡದೊಳಗೆ ಕಾಂಗರೂ ಬಾಲ, ಪಕ್ಕದಲ್ಲಿ ಕುಂಬಳ.
ಮಕ್ಕಳನ್ನು ಕರೆದುಕೊಂಡು ಅಜ್ಜಿ
ಮುಲ್ಗಾ ಮರಗಳ ಬುಡಕ್ಕೆ ಹೋಗುತ್ತಾಳೆ,
ಜೇನಿರುವೆ ಅಗೆಯಲು.
ಸಿಹಿ ಇಲ್ಲೂ ಇದೆ, ತೋಳುದ್ದ ಆಳದಲ್ಲಿ;
ಬೆವರು ಸುರಿಸಿದವರಿಗೆ ಒಂದೊಂದೇ ಹನಿ.

ಎಲ್ಲ ಸರಿಹೋಯಿತೆಂದು ನಾನು ಹೇಳುತ್ತಿಲ್ಲ.
ಟೈರುಗಳ ಆಚೆಗೂ ಕಾಲುಹಾದಿ ಬಿದ್ದಿದೆ,
ಗಲ್ಲಾದ ಲೆಕ್ಕ ಸುಳ್ಳು ಹೇಳುವುದಿಲ್ಲ.
ಹೋದ ಸಲ ಬಾಳೆಹಣ್ಣು ಕಪ್ಪಾಗಿಯೇ ಬಂತು;
ದೊಡ್ಡಮ್ಮ ಫೋನಿನಲ್ಲಿ ಬೈದ ಬೈಗುಳಕ್ಕೆ
ಪಟ್ಟಣದ ಗೋದಾಮು ನಡುಗಿರಬೇಕು.

ನಿನ್ನೆ ಟೈರಲ್, ಏಳು ವರ್ಷದವನು,
ಕಚ್ಚಿದ ಸೇಬೊಂದನ್ನು ತಂದು ತಕ್ಕಡಿಗಿಟ್ಟ,
ಗಲ್ಲದ ತುಂಬ ರಸ.
ಅರ್ಧವೇ ಉಳಿದಿದೆಯಲ್ಲೋ, ಎಂದೆ.
ಅವನು ಸ್ವಲ್ಪ ಯೋಚಿಸಿ,
ಚಪ್ಪಲಿಯಿಲ್ಲದ ಕಾಲಲ್ಲಿ
ತಾನೇ ತಕ್ಕಡಿ ಹತ್ತಲು ಹೊರಟ.